ಬೆಕ್ಕಿನ ಗದ್ದದ ಮೊಡವೆಗೆ ಏನು ಕೊಳ್ಳಬೇಕು: ತಾಟು, ಪ್ಯಾಡ್, ಶಾಂಪೂ, ಮುಲಾಮುಗಳ ವಿಮರ್ಶೆ

ಬೆಕ್ಕಿನ ಗದ್ದದ ರೋಮ ಬಿಡಿಸಿದಾಗ ಕಾಫಿಪುಡಿ ಉದುರಿಸಿದ ಹಾಗೆ ಕಪ್ಪು ಕಾಳುಗಳು ಕಂಡರೆ ಮೊದಲ ಖರ್ಚು ತಾಟಿಗಿರಲಿ, ಔಷಧಿಯ ಮಾತು ಆಮೇಲೆ. ಕಾರವಾರದಿಂದ ಭಟ್ಕಳದ ತನಕ, ಘಟ್ಟ ಹತ್ತಿದರೆ ಶಿರಸಿ, ಸಿದ್ದಾಪುರ, ಯಲ್ಲಾಪುರದಲ್ಲಿ, ಈ ತೊಂದರೆ ಹೇಳಿಕೊಂಡು ಅಂಗಡಿಗೆ ಹೋದವರ ಕೈಗೆ ಬರುವ ಸಾಮಾನು ಹೆಚ್ಚುಕಡಿಮೆ ಒಂದೇ: ಸಾಕುಪ್ರಾಣಿ ಅಂಗಡಿಯಲ್ಲಿ ಔಷಧಿ ನೆನೆಸಿದ ಪ್ಯಾಡ್ ಇಲ್ಲವೇ ಶಾಂಪೂ, ಮೆಡಿಕಲ್ ಶಾಪಿನಲ್ಲಿ ಯಾವುದೋ ಒಂದು ಟ್ಯೂಬು, ಪಾತ್ರೆ ಅಂಗಡಿಯಲ್ಲಿ ಬಟ್ಟಲು. ಇವುಗಳಲ್ಲಿ ಅಗಲವಾದ ಸ್ಟೀಲ್ ತಾಟು ಮತ್ತು ಬ್ಯಾಕ್ಟೀರಿಯಾ ಕೊಲ್ಲುವ 2% ಕ್ಲೋರ್‌ಹೆಕ್ಸಿಡಿನ್ ಪ್ಯಾಡ್, ಈ ಎರಡಕ್ಕೆ ಯೋಚಿಸದೆ ದುಡ್ಡು ಕೊಡಬಹುದು. ಬೆಂಜಾಯ್ಲ್ ಪೆರಾಕ್ಸೈಡ್ ಶಾಂಪೂ ಕೆಲವು ಬೆಕ್ಕುಗಳಿಗೆ ಮಾತ್ರ. ಮುಪಿರೋಸಿನ್ ಎಂಬ ಆಂಟಿಬಯಾಟಿಕ್ ಮುಲಾಮು ಒಳ್ಳೆಯದೇ, ಆದರೆ ವೈದ್ಯರು ಬರೆದುಕೊಟ್ಟರೆ. ಮನುಷ್ಯರ ಮೊಡವೆ ಕ್ರೀಮು, ಟೀ ಟ್ರೀ ಎಣ್ಣೆ, ಡೆಟಾಲ್, ಇವು ಬೆಕ್ಕಿನ ಹತ್ತಿರವೂ ಸುಳಿಯಬಾರದು.

ಗದ್ದದಲ್ಲಿ ಏನಾಗುತ್ತಿದೆ ಎಂಬುದು ಗೊತ್ತಿದ್ದರೆ ಮಾತ್ರ ಸಾಮಾನಿನ ಗುಣಾವಗುಣ ತೂಗಲು ಬರುತ್ತದೆ. ಬೆಕ್ಕಿನ ಗದ್ದ ಮತ್ತು ಕೆಳತುಟಿಯ ಅಂಚಿನಲ್ಲಿ ಎಣ್ಣೆ ಗ್ರಂಥಿಗಳು ದಟ್ಟವಾಗಿವೆ. ಬಾಗಿಲ ಮೂಲೆಗೆ, ಮಣೆಯ ಅಂಚಿಗೆ, ನಮ್ಮ ಕಾಲಿಗೆ ಗದ್ದ ಉಜ್ಜಿ ಅದು ತನ್ನ ವಾಸನೆ ಬಿಡುವುದು ಈ ಗ್ರಂಥಿಗಳಿಂದಲೇ. ರೋಮ ಹುಟ್ಟುವ ಕೂಪದ ಒಳಗೋಡೆಯಿಂದ ಉದುರುವ ಸತ್ತ ಚರ್ಮದ ಪುಡಿ ಹೊರಗೆ ಬರದೆ ಎಣ್ಣೆಯ ಜೊತೆ ಸೇರಿ ಬಿರಡೆಯಂತೆ ಕೂತುಬಿಡುತ್ತದೆ. ಅದೇ ಆ ಕಪ್ಪು ಕಾಳು. ಮೈಯೆಲ್ಲ ನೆಕ್ಕಿ ಚೊಕ್ಕ ಮಾಡಿಕೊಳ್ಳುವ ಬೆಕ್ಕಿನ ನಾಲಿಗೆಗೆ ತನ್ನ ಗದ್ದ ಎಟುಕುವುದಿಲ್ಲ; ಪಂಜ ಒದ್ದೆ ಮಾಡಿ ಒರೆಸಿಕೊಂಡಷ್ಟೇ ಬಂತು. ಬಿರಡೆ ಹಾಕಿದ ಕೂಪದಲ್ಲಿ ಬ್ಯಾಕ್ಟೀರಿಯಾ ಸೇರಿದರೆ ಕೆಂಪು ಗುಳ್ಳೆ, ಆಮೇಲೆ ಕೀವು. ಕೂಪದ ಗೋಡೆ ಚರ್ಮದ ಒಳಗೇ ಒಡೆದರೆ ರೋಮದ ತುಣುಕೂ ಸತ್ತ ಚರ್ಮದ ಪುಡಿಯೂ ಮಾಂಸದೊಳಗೆ ಇಳಿಯುತ್ತವೆ. ದೇಹ ಅವನ್ನು ಮುಳ್ಳು ಹೊಕ್ಕಂತೆ ಎದುರಿಸುತ್ತದೆ, ಗದ್ದ ಊದಿ ಗಂಟಾಗುತ್ತದೆ. ಗಂಡು, ಹೆಣ್ಣು, ಮರಿ, ಮುದಿ ಎಂಬ ಭೇದವಿಲ್ಲ. ಒಮ್ಮೆ ಬಂದುಹೋಗುವ ಬೆಕ್ಕುಗಳಿವೆ, ಜೀವಮಾನವಿಡೀ ಬಿಟ್ಟು ಬಿಟ್ಟು ಬರುವ ಬೆಕ್ಕುಗಳೂ ಇವೆ.

ಕರಾವಳಿಯ ಅಡುಗೆಮನೆ ಇದಕ್ಕೆ ತನ್ನದೊಂದು ಪಾಲು ಸೇರಿಸುತ್ತದೆ. ಬಂಗಡೆ, ತಾರ್ಲೆ ಎರಡೂ ಎಣ್ಣೆ ಮೀನು. ಅವುಗಳ ತಲೆ, ಕರುಳು ತಿಂದ ಬೆಕ್ಕಿನ ಗದ್ದದ ರೋಮ ಬೆರಳಲ್ಲಿ ಹಿಡಿದು ನೋಡಿ, ಅಂಟಂಟು ಹತ್ತುತ್ತದೆ. ಜೂನ್‌ನಿಂದ ಸೆಪ್ಟೆಂಬರ್ ತನಕ ಆ ಅಂಟು ಒಣಗುವುದೂ ಇಲ್ಲ.

ಏನನ್ನಾದರೂ ಕೊಳ್ಳುವ ಮೊದಲು ಒಂದು ಪರೀಕ್ಷೆ ಮಾಡಿಬಿಡಿ. ಬಿಳಿ ಹತ್ತಿಯ ಉಂಡೆಯನ್ನು ನೀರಲ್ಲಿ ಅದ್ದಿ ಹಿಂಡಿ, ಗದ್ದದ ಕಪ್ಪು ಕಾಳುಗಳನ್ನು ಅದಕ್ಕೆ ಒರೆಸಿಕೊಂಡು ಎರಡು ನಿಮಿಷ ಬಿಡಿ. ಕಾಳಿನ ಸುತ್ತ ತುಕ್ಕಿನಂಥ ಕೆಂಪು ಬಣ್ಣ ಹರಡಿದರೆ ಅದು ಚಿಗಟದ ಹಿಕ್ಕೆ, ಜೀರ್ಣವಾದ ರಕ್ತ. ಆಗ ಬೇಕಾದದ್ದು ಚಿಗಟದ ಔಷಧಿ. ಅದನ್ನೂ ಬೆಕ್ಕಿಗೆಂದೇ ಇರುವುದನ್ನು ಕೇಳಿ ತರಬೇಕು. ನಾಯಿಯ ಬೆನ್ನಿಗೆ ಹಾಕುವ ಕೆಲವು ಹನಿಗಳಲ್ಲಿ ಪರ್ಮೆಥ್ರಿನ್ ಇರುತ್ತದೆ, ಬೆಕ್ಕಿಗೆ ಅದು ವಿಷ. ಬಣ್ಣ ಬಿಡದೆ ಕಾಳು ಕಪ್ಪಾಗಿಯೇ ಉಳಿದು, ಬೆರಳಿಗೆ ಮೇಣದಂತೆ ಸಿಕ್ಕರೆ ಮೊಡವೆ ಎಂದು ಮುಂದೆ ಹೋಗಬಹುದು. ರೋಮ ಉದುರಿ ಬೋಳು ವೃತ್ತವಾಗಿದ್ದರೆ, ಕಿವಿಯ ತುದಿ ಇಲ್ಲವೇ ಪಂಜದ ಮೇಲೂ ಹಾಗೇ ಕಂಡರೆ, ಮನೆಯ ಯಾರಿಗಾದರೂ ತೋಳಿನ ಮೇಲೆ ತುರಿಸುವ ಉಂಗುರ ಎದ್ದಿದ್ದರೆ, ಅದು ಗಜಕರ್ಣವಿರಬಹುದು. ಈ ಬರಹದ ಯಾವ ಸಾಮಾನೂ ಅದಕ್ಕೆ ಸಾಲದು, ನೇರ ವೈದ್ಯರ ಹತ್ತಿರ ಹೋಗಬೇಕು.

ಈಗ ತಾಟಿನ ವಿಷಯ. ಸಾಕುಪ್ರಾಣಿ ಅಂಗಡಿಗಳಲ್ಲಿ ಎದ್ದು ಕಾಣುವಂತೆ ಜೋಡಿಸಿಟ್ಟಿರುವುದು ಬಣ್ಣಬಣ್ಣದ ಪ್ಲಾಸ್ಟಿಕ್ ಬಟ್ಟಲು, ಮೀನಿನ ಆಕಾರದ್ದು, ಬೆಕ್ಕಿನ ಕಿವಿ ಇರುವಂಥದ್ದು. ಇವು ಬೇಡ. ಪ್ಲಾಸ್ಟಿಕ್ಕಿನ ಅಲರ್ಜಿಯಿಂದಲೇ ಮೊಡವೆ ಏಳುತ್ತದೆ ಎಂಬ ಮಾತು ಬಹಳ ಓಡಾಡುತ್ತಿದೆ. ಅದಕ್ಕಿರುವ ಪುರಾವೆ ಅಷ್ಟು ಗಟ್ಟಿಯಲ್ಲ. ಗೀರಿನ ಸಂಗತಿ ಮಾತ್ರ ಕಣ್ಣಿಗೇ ಕಾಣುವಂಥದ್ದು. ತಿಂಗಳು ಬಳಸಿದ ಪ್ಲಾಸ್ಟಿಕ್ ಬಟ್ಟಲನ್ನು ಸೋಪು ಹಾಕಿ ತೊಳೆದು, ತಳದಲ್ಲಿ ಬೆರಳಾಡಿಸಿ. ನುಣ್ಣಗೆ ಜಾರುವ ಒಂದು ಪದರ ಸಿಗುತ್ತದೆ. ಬೆಕ್ಕಿನ ಹಲ್ಲು, ನಮ್ಮ ಸ್ಕ್ರಬ್ಬರ್ ಎರಡೂ ಸೇರಿ ಮಾಡಿದ ಗೀರುಗಳಲ್ಲಿ ಮೀನೆಣ್ಣೆ ಹೊಕ್ಕು, ಅದರ ಮೇಲೆ ಬ್ಯಾಕ್ಟೀರಿಯಾ ಮನೆ ಮಾಡಿದ ಪದರ ಅದು. ಆ ಅಂಚಿಗೆ ಬೆಕ್ಕು ದಿನಕ್ಕೆ ನಾಲ್ಕಾರು ಸಲ ಗದ್ದ ಒತ್ತುತ್ತದೆ. ಮೆಲಮೈನ್ ಬಟ್ಟಲು ಪಿಂಗಾಣಿಯಂತೆ ಕಂಡರೂ ಅದೂ ಪ್ಲಾಸ್ಟಿಕ್ಕೇ, ಅದಕ್ಕೂ ಇದೇ ಮಾತು.

ಸ್ಟೀಲ್ ತಾಟು ಕೊಳ್ಳುವಾಗ ನೋಡಬೇಕಾದ್ದು ಎರಡು: ಆಕಾರ, ದರ್ಜೆ. ತಳ 13ರಿಂದ 15 ಸೆಂಟಿಮೀಟರ್ ಅಗಲ, ಅಂಚು 2 ಸೆಂಟಿಮೀಟರ್ ಆಸುಪಾಸು. ಅಂದರೆ ಪಾತ್ರೆ ಅಂಗಡಿಯಲ್ಲಿ ಉಪ್ಪಿಟ್ಟು, ಅವಲಕ್ಕಿ ಹಾಕಿಕೊಡುವ ಸಣ್ಣ ತಾಟು ಕೇಳಿದರೆ ಸಾಕು. ಬೆಕ್ಕಿಗೆಂದೇ ಮಾಡಿದ ಆಳದ ಸ್ಟೀಲ್ ಬಟ್ಟಲಿಗಿಂತ ಅದು ಮೇಲು; ಆಳದ್ದರಲ್ಲಿ ತಿನ್ನಬೇಕಾದರೆ ಗದ್ದ ಅಂಚಿಗೆ ತಾಗಲೇಬೇಕು. ಬೆಕ್ಕಿನ ಬಟ್ಟಲಿನ ತಳದಲ್ಲಿ ಜಾರದಿರಲೆಂದು ರಬ್ಬರ್ ಉಂಗುರ ಸಿಕ್ಕಿಸಿರುತ್ತಾರೆ. ಆ ಉಂಗುರ ಬಿಚ್ಚಿ ನೋಡಿದರೆ ಒಳಗೆ ಕಪ್ಪು ಲೋಳೆ ಕೂತಿರುತ್ತದೆ. ಅಂಥ ಬಟ್ಟಲು ಈಗಾಗಲೇ ಮನೆಯಲ್ಲಿದ್ದರೆ ಉಂಗುರ ತೆಗೆದೇ ಬಳಸಿ, ಕೆಳಗೆ ಒಂದು ಒದ್ದೆ ಬಟ್ಟೆ ಹಾಸಿದರೆ ಜಾರುವುದಿಲ್ಲ.

ದರ್ಜೆಯ ಮಾತು ಸಮುದ್ರದ ಪಕ್ಕದವರಿಗೆ ಮುಖ್ಯ. ಅಗ್ಗದ ಸ್ಟೀಲ್ ಬಹುತೇಕ 202 ದರ್ಜೆಯದು. ಕಾರವಾರದ ಕೋಡಿಬಾಗದಲ್ಲೋ ಬೈತಖೋಲದಲ್ಲೋ ಉಪ್ಪುಗಾಳಿ ತಾಗುವ ಮನೆಯಲ್ಲಿ ಅದರ ಮೇಲೆ ಸೂಜಿಮೊನೆಯಷ್ಟು ತುಕ್ಕಿನ ಚುಕ್ಕೆಗಳು ಏಳುತ್ತವೆ. ಪ್ರತಿ ಚುಕ್ಕೆಯೂ ಒಂದು ಗುಂಡಿ. ತಾಟಿನ ಹಿಂಬದಿ 304 ಅಥವಾ 18/8 ಎಂಬ ಅಚ್ಚು ಇದೆಯೇ ನೋಡಿ ತನ್ನಿ. ಅಯಸ್ಕಾಂತ ಹಿಡಿದು ಪರೀಕ್ಷೆ ಮಾಡುವ ರೂಢಿ ಇದೆ, ಅದನ್ನು ನೆಚ್ಚಬೇಡಿ: ಅಯಸ್ಕಾಂತ 304ಕ್ಕೆ ಅಂಟದಂತೆ 202ಕ್ಕೂ ಅಂಟುವುದಿಲ್ಲ. ಶಿರಸಿಯವರು ಉಪ್ಪುಗಾಳಿಯ ಚಿಂತೆ ಮಾಡಬೇಕಾಗಿಲ್ಲ, ಯಾವ ಸ್ಟೀಲಾದರೂ ನಡೆದೀತು. ಗಾಜಿನ ತಟ್ಟೆ, ಚಹಾದ ಬಶಿ ಕೂಡ ಚೆನ್ನಾಗಿಯೇ ಕೆಲಸ ಮಾಡುತ್ತವೆ. ಬಶಿಯ ಅಂಚು ಚಕ್ಕೆ ಎದ್ದಿದ್ದರೆ ಅಥವಾ ಮೆರುಗಿನಲ್ಲಿ ಕೂದಲೆಳೆಯಂಥ ಬಿರುಕಿದ್ದರೆ ಮಾತ್ರ ಬೇಡ.

ಮನೆಯಲ್ಲೇ ಸಿಗುವ ಮೂರರ ಬಗ್ಗೆ ಹೇಳದಿದ್ದರೆ ಈ ಊರಿನ ವಿಮರ್ಶೆ ಪೂರ್ತಿಯಾಗದು. ತೆಂಗಿನ ಗೆರಟೆಯಲ್ಲಿ ಬೆಕ್ಕಿಗೆ ಹಾಲನ್ನ ಹಾಕುವುದು ಹಳೆಯ ಪದ್ಧತಿ. ಗೆರಟೆ ಆಳ, ಅಂಚು ಒರಟು, ಒಳಗೋಡೆಯ ನಾರುನಾರು ಜಿಡ್ಡನ್ನು ಬಿಡುವುದೇ ಇಲ್ಲ. ಮೊಡವೆಯ ಬೆಕ್ಕಿಗೆ ಪ್ಲಾಸ್ಟಿಕ್ಕಿಗಿಂತಲೂ ಕೆಟ್ಟದ್ದು. ಅಡಿಕೆ ಹಾಳೆಯ ಸಣ್ಣ ತಟ್ಟೆ ಚಪ್ಪಟೆಯಾಗಿದ್ದು ಒಳ್ಳೆಯ ಆಯ್ಕೆ, ಆದರೆ ಒಂದೇ ಊಟಕ್ಕೆ. ಅದನ್ನು ತೊಳೆದು ಮತ್ತೆ ಬಳಸಿದರೆ ನೀರು ಹೀರಿಕೊಂಡು ಮರುದಿನಕ್ಕೆ ಬೂಸಲು ಬರುತ್ತದೆ. ಮಳೆಗಾಲದಲ್ಲಿ ಅಟ್ಟದ ಮೇಲಿಟ್ಟ ಕಟ್ಟಿನಲ್ಲೇ ಬೂಸಲು ಹತ್ತಿರುವುದುಂಟು. ಬಿಳಿ, ಹಸಿರು ಚುಕ್ಕೆ ಕಂಡ ತಟ್ಟೆ ಎಸೆದುಬಿಡಿ. ಬಾಳೆಲೆಯ ತುಂಡಿಗೆ ಸಮನಾದದ್ದು ಯಾವುದೂ ಇಲ್ಲ: ನುಣುಪು, ಅಂಚಿಲ್ಲ, ಪ್ರತಿ ಸಲ ಹೊಸದು, ತೊಳೆಯುವ ಕೆಲಸವೂ ಇಲ್ಲ. ಹಿತ್ತಿಲಲ್ಲಿ ಬಾಳೆ ಇರುವವರು ತಾಟನ್ನೇ ಕೊಳ್ಳಬೇಕಾಗಿಲ್ಲ. ಕಾಯಿಲೆ ಜೋರಾಗಿರುವ ಮೊದಲ ಎರಡು ವಾರ ಎಲ್ಲರೂ ಬಾಳೆಲೆಯಲ್ಲೇ ಹಾಕಿದರೆ ಒಳ್ಳೆಯದು.

ತಾಟು ಎಷ್ಟು ಒಳ್ಳೆಯದಾದರೂ ತೊಳೆಯುವ ಕ್ರಮ ತಪ್ಪಿದರೆ ಫಲವಿಲ್ಲ. ಮೀನಿನ ಜಿಡ್ಡು ತಣ್ಣೀರಿಗೆ ಬಿಡುವುದಿಲ್ಲ, ತಾಟಿನ ಮೈಗೆ ಮತ್ತಷ್ಟು ಬಳಿದುಕೊಳ್ಳುತ್ತದೆ. ಪ್ರತಿ ಊಟದ ನಂತರ ಬಿಸಿನೀರು, ಪಾತ್ರೆಯ ಸೋಪು, ಮೆತ್ತನೆಯ ಸ್ಪಂಜು. ತಂತಿಯ ಸ್ಕ್ರಬ್ಬರ್ ಹಾಕಿದರೆ ಸ್ಟೀಲಿಗೂ ಗೀರು ಬೀಳುತ್ತದೆ. ಆಮೇಲೆ ಸೋಪಿನ ಅಂಶ ಹೋಗುವಂತೆ ತೊಳೆದು ಒಣಬಟ್ಟೆಯಲ್ಲಿ ಒರೆಸಿಡಬೇಕು. ಮಳೆಗಾಲದಲ್ಲಿ ಕವುಚಿಟ್ಟ ತಾಟು ತಾನಾಗಿ ಒಣಗಲಿ ಎಂದು ಕಾದರೆ ಸಂಜೆಯಾದರೂ ಹಸಿಯೇ ಇರುತ್ತದೆ. ಮೂರು ತಾಟು ಇಟ್ಟುಕೊಂಡು ಸರದಿಯಲ್ಲಿ ಬಳಸಿದರೆ ಈ ಕೆಲಸ ಹಗುರ. ನೀರಿನ ಬಟ್ಟಲನ್ನು ಮರೆಯುವವರೇ ಹೆಚ್ಚು. ಅದಕ್ಕೂ ದಿನಕ್ಕೊಂದು ಸಲ ಸೋಪು ಬೇಕು.

ಕರೆಂಟಿನ ಮೇಲೆ ಓಡುವ ನೀರಿನ ಕಾರಂಜಿಗಳನ್ನು ಈಗ ಕೊಳ್ಳುವವರಿದ್ದಾರೆ. ಗದ್ದದ ಮೊಡವೆ ಇರುವ ಬೆಕ್ಕಿಗೆ ಇದನ್ನು ಶಿಫಾರಸು ಮಾಡಲಾರೆವು. ಹರಿವ ನೀರಿಗೆ ಬಾಯಿ ಹಾಕುವಾಗ ಗದ್ದ ಇನ್ನಷ್ಟು ನೆನೆಯುತ್ತದೆ. ಒಳಗಿನ ಸ್ಪಂಜು, ಪಂಪಿನ ಸಂದಿ ವಾರದಲ್ಲೇ ಲೋಳೆಯಾಗುತ್ತವೆ. ಮಳೆಗಾಲದಲ್ಲಿ ಕರೆಂಟು ಹೋದಷ್ಟು ಹೊತ್ತು ಅದು ನಿಂತ ನೀರಿನ ಪ್ಲಾಸ್ಟಿಕ್ ತೊಟ್ಟಿ.

ಇನ್ನು ಔಷಧಿ. ಕ್ಲೋರ್‌ಹೆಕ್ಸಿಡಿನ್ ಪ್ಯಾಡ್ ಎರಡು ರೂಪದಲ್ಲಿ ಬರುತ್ತದೆ: ಡಬ್ಬಿಯೊಳಗಿನ ದುಂಡು ಹತ್ತಿ ಪ್ಯಾಡ್, ಚೀಲದಿಂದ ಎಳೆಯುವ ವೈಪ್ಸ್. ತಿರುಪು ಮುಚ್ಚಳದ ಡಬ್ಬಿಯದ್ದೇ ವಾಸಿ. ವೈಪ್ಸ್ ಚೀಲದ ಅಂಟುಬಾಯಿ ರೋಮ, ಧೂಳು ಹತ್ತಿ ಕೆಲವೇ ದಿನಗಳಲ್ಲಿ ಹಿಡಿತ ಕಳೆದುಕೊಳ್ಳುತ್ತದೆ, ಆಮೇಲೆ ಒಳಗಿನವು ಒಣಗಿ ಬರಿ ಬಟ್ಟೆಯಾಗುತ್ತವೆ. ಲೇಬಲ್ ಓದದೆ ದುಡ್ಡು ಕೊಡಬೇಡಿ. ಕ್ಲೋರ್‌ಹೆಕ್ಸಿಡಿನ್ ಗ್ಲೂಕೋನೇಟ್ 2% ಎಂದಿರಬೇಕು, ಬೆಕ್ಕಿಗೆ ಬಳಸಬಹುದು ಎಂದೂ ಬರೆದಿರಬೇಕು. ಜೊತೆಗೆ ಕೀಟೋಕೊನಜೋಲ್ ಅಥವಾ ಕ್ಲಿಂಬಜೋಲ್ ಇದ್ದರೆ ತೊಂದರೆಯಿಲ್ಲ, ಮಲಾಸೆಜಿಯಾ ಎಂಬ ಶಿಲೀಂಧ್ರ ಸೇರಿಕೊಂಡ ಗದ್ದಕ್ಕೆ ಅದರಿಂದ ಉಪಯೋಗವೇ. ಆಲ್ಕೋಹಾಲ್, ಸ್ಯಾಲಿಸಿಲಿಕ್ ಆಮ್ಲ, ಟೀ ಟ್ರೀ ಎಣ್ಣೆ, ಸುಗಂಧ, ಇವುಗಳಲ್ಲಿ ಒಂದಿದ್ದರೂ ವಾಪಸು ಕೊಡಿ. ಮಗುವಿಗೆ ಬಳಸುವ ಸಾದಾ ವೈಪ್ಸ್ ಮೀನಿನ ಜಿಡ್ಡು ಒರೆಸಲು ಆದೀತು, ಮೊಡವೆಗೆ ಆಗದು.

ಪ್ಯಾಡ್ ದುಬಾರಿ ಎನ್ನುವುದು ಒಂದೇ ಕೊರತೆ. ಬೆಕ್ಕಿನ ಗದ್ದಕ್ಕೆ ಇಡೀ ಪ್ಯಾಡ್ ಬೇಕಿಲ್ಲ. ಸೋಪಿನಲ್ಲಿ ತೊಳೆದು ಚೆನ್ನಾಗಿ ಒಣಗಿಸಿದ ಕತ್ತರಿಯಿಂದ ಎರಡೋ ನಾಲ್ಕೋ ತುಂಡು ಮಾಡಿ, ಒಂದನ್ನು ತೆಗೆದುಕೊಂಡು ಉಳಿದದ್ದನ್ನು ತಕ್ಷಣ ಡಬ್ಬಿಗೆ ಹಾಕಿ ಮುಚ್ಚಿದರೆ ಒಂದು ಡಬ್ಬಿ ಬಹಳ ದಿನ ಬರುತ್ತದೆ.

ಹಚ್ಚುವ ಕ್ರಮ ಹೀಗೆ. ಬೆಕ್ಕಿನ ಊಟ ಮುಗಿದ ಮೇಲೆ ಶುರು ಮಾಡಿ, ಊಟದ ಜಿಡ್ಡೂ ಇದರಲ್ಲೇ ಹೋಗುತ್ತದೆ. ಹಳೆಯ ಪಂಚೆಯ ಮೆತ್ತನೆ ತುಂಡನ್ನು ಉಗುರುಬೆಚ್ಚಗಿನ ನೀರಲ್ಲಿ ಅದ್ದಿ, ಹಿಂಡಿ, ಮಣಿಕಟ್ಟಿನ ಒಳಬದಿಗೆ ತಾಗಿಸಿ ಬಿಸಿ ನೋಡಿಕೊಳ್ಳಿ. ಬೆಕ್ಕಿನ ಬೆನ್ನು ನಿಮ್ಮ ಹೊಟ್ಟೆಗೆ ತಾಗುವಂತೆ ಮಡಿಲಲ್ಲಿ ಕೂರಿಸಿ, ಅದರ ಮುಖವನ್ನು ಎಡಗೈಯಿಂದ ಸ್ವಲ್ಪವೇ ಮೇಲೆತ್ತಿ, ಬಟ್ಟೆಯನ್ನು ಗದ್ದಕ್ಕೆ ಒತ್ತಿ ಹಿಡಿಯಿರಿ. ಆರಿದಾಗ ಮತ್ತೆ ಅದ್ದುತ್ತ ಒಟ್ಟು ಐದು ನಿಮಿಷ. ಬಿರಡೆಯ ಮೇಣ ಮೆತ್ತಗಾಗುವುದು ಈ ಶಾಖಕ್ಕೇ. ಇದನ್ನು ಬಿಟ್ಟು ಬರೀ ಪ್ಯಾಡ್ ಒರೆಸಿದವರು ಪ್ಯಾಡ್ ಕೆಲಸ ಮಾಡಲಿಲ್ಲ ಎನ್ನುತ್ತಾರೆ. ಆಮೇಲೆ ಪ್ಯಾಡ್ ತುಂಡನ್ನು ರೋಮ ಬೆಳೆದ ದಿಕ್ಕಿನಲ್ಲೇ ನಾಲ್ಕೈದು ಸಲ ಎಳೆಯಿರಿ. ಉಜ್ಜಬಾರದು. ತುಟಿಯ ಒಳಗೆ, ಕಣ್ಣಿಗೆ, ಕಿವಿಗೆ ಹೋಗಬಾರದು. ಕ್ಲೋರ್‌ಹೆಕ್ಸಿಡಿನ್ ಕಣ್ಣಿನ ಮುಂಭಾಗದ ಪಾರದರ್ಶಕ ಪದರವನ್ನು ಸುಡುತ್ತದೆ, ಒಳಕಿವಿಗೆ ಇಳಿದರೆ ಕಿವುಡು ತರಬಲ್ಲದು. ಔಷಧಿ ಚರ್ಮದ ಮೇಲೆ ಐದರಿಂದ ಹತ್ತು ನಿಮಿಷ ಇದ್ದರೇ ಬ್ಯಾಕ್ಟೀರಿಯಾ ಸಾಯುವುದು. ಅಷ್ಟು ಹೊತ್ತು ಮಡಿಲಲ್ಲೇ ಇಟ್ಟುಕೊಂಡು ತಲೆ ಸವರುತ್ತಿರಿ. ಮನೆಯಲ್ಲಿ ಇನ್ನೊಂದು ಬೆಕ್ಕಿದ್ದರೆ ಅದು ಬಂದು ನೆಕ್ಕದಂತೆ ಬೇರೆ ಕೋಣೆಗೆ ಕಳಿಸಿ. ಕೊನೆಗೆ ಒಣಬಟ್ಟೆಯಲ್ಲಿ ಒತ್ತಿ ಒಣಗಿಸಿ.

ಮೊದಲ ಹತ್ತು ದಿನ ದಿನಕ್ಕೊಂದು ಸಲ, ಮುಂದಿನ ಎರಡು ವಾರ ದಿನ ಬಿಟ್ಟು ದಿನ, ಆಮೇಲೆ ವಾರಕ್ಕೊಂದೋ ಎರಡೋ ಸಲ. ಮಧ್ಯೆ ಚರ್ಮ ಕೆಂಪಾಗಿ ಹೊಟ್ಟು ಏಳತೊಡಗಿದರೆ ಔಷಧಿ ಹೆಚ್ಚಾಯಿತೆಂದು ತಿಳಿದು ಎರಡು ದಿನ ಬಿಟ್ಟು, ಸಲ ಕಡಿಮೆ ಮಾಡಿ. ಎರಡು ಮೂರು ದಿನಕ್ಕೆ ಕಪ್ಪು ಕಾಳು ಮಾಯವಾಗುವುದಿಲ್ಲ. ಎರಡು ಮೂರು ವಾರ ಬೇಕು. ಬಿರಡೆ ಬಿಟ್ಟ ಜಾಗದಲ್ಲಿ ರೋಮ ತೆಳ್ಳಗಾದಂತೆ ಕಂಡರೆ ಹೆದರಬೇಕಾಗಿಲ್ಲ, ಮತ್ತೆ ಬೆಳೆಯುತ್ತದೆ. ಉಗುರಿನಿಂದ ಕಾಳು ಕೀಳುವುದು, ಹಿಸುಕುವುದು, ಹಲ್ಲುಜ್ಜುವ ಬ್ರಶ್ಶಿನಿಂದ ತಿಕ್ಕುವುದು, ಇದರಿಂದಲೇ ಸಣ್ಣ ಮೊಡವೆ ದೊಡ್ಡ ಹುಣ್ಣಾಗುವುದು. ಹಿಸುಕಿದ ಒತ್ತಡಕ್ಕೆ ಕೂಪ ಒಳಮುಖವಾಗಿ ಒಡೆಯುತ್ತದೆ.

ಪ್ಯಾಡ್ ಸಿಗದ ಊರಿನಲ್ಲಿ 2% ಕ್ಲೋರ್‌ಹೆಕ್ಸಿಡಿನ್ ದ್ರಾವಣ ತಂದು ತೆಳು ಮಾಡಿಕೊಳ್ಳಬಹುದು. 5 ಮಿ.ಲೀ. ದ್ರಾವಣಕ್ಕೆ 195 ಮಿ.ಲೀ. ನೀರು ಸೇರಿಸಿದರೆ 0.05% ಆಗುತ್ತದೆ. ಗುಳ್ಳೆ ಒಡೆದು ಹಸಿಯಾಗಿರುವ ಗದ್ದಕ್ಕೆ ಪ್ಯಾಡಿಗಿಂತ ಇದೇ ಸೌಮ್ಯ. ನೀರಿನ ವಿಷಯದಲ್ಲಿ ಕರಾವಳಿಯವರು ಎಚ್ಚರವಾಗಿರಬೇಕು: ಬೇಸಿಗೆಯಲ್ಲಿ ಬಾವಿಗೆ ಉಪ್ಪು ಏರುವ ಕಡೆ ಆ ನೀರು ಹಾಕಿದರೆ ದ್ರಾವಣ ಮೊಸರಿನ ತಿಳಿಯಂತೆ ಕದಡುತ್ತದೆ, ಔಷಧಿ ಗಸಿಯಾಗಿ ತಳಕ್ಕೆ ಕೂರುತ್ತದೆ. ಶುದ್ಧೀಕರಿಸಿದ ಕುಡಿಯುವ ನೀರು ಅಥವಾ ಮೆಡಿಕಲ್ ಶಾಪಿನ ಡಿಸ್ಟಿಲ್ಡ್ ವಾಟರ್ ಬಳಸಿ. ಉಪ್ಪುನೀರಿನ ಸಲೈನ್ ಬೇಡವೇ ಬೇಡ. ತೆಳು ಮಾಡಿದ್ದನ್ನು ಮರುದಿನಕ್ಕೆ ಇಡದೆ ಚೆಲ್ಲಿ. ಸಾದಾ ಸೋಪು ಹಚ್ಚಿದ ಗದ್ದಕ್ಕೆ ಇದನ್ನು ಹಾಕಿದರೂ ಪ್ರಯೋಜನವಿಲ್ಲ, ಸೋಪಿನ ಅಂಶ ಕ್ಲೋರ್‌ಹೆಕ್ಸಿಡಿನ್‌ನ ಬಲ ಕೊಲ್ಲುತ್ತದೆ. ಒರೆಸಿದ ಬಟ್ಟೆಯನ್ನು ಬ್ಲೀಚಿಂಗ್ ಪೌಡರ್ ನೀರಿಗೆ ಹಾಕಬೇಡಿ; ಕಂದು ಕಲೆ ಕೂರುತ್ತದೆ, ಮತ್ತೆ ಹೋಗುವುದಿಲ್ಲ.

ಮೆಡಿಕಲ್ ಶಾಪಿನಲ್ಲಿ ಕ್ಲೋರ್‌ಹೆಕ್ಸಿಡಿನ್ ಎಂದಷ್ಟೇ ಕೇಳಿದರೆ ಮೂರು ನಾಲ್ಕು ಬೇರೆ ಬೇರೆ ವಸ್ತುಗಳಲ್ಲಿ ಯಾವುದಾದರೂ ಕೈಗೆ ಬರಬಹುದು. 0.2% ಮೌತ್‌ವಾಶ್‌ನಲ್ಲಿ ರುಚಿ, ವಾಸನೆಯ ದ್ರವ್ಯ ಸೇರಿರುತ್ತದೆ. ಕೈಗೆ ತಿಕ್ಕುವ ಹ್ಯಾಂಡ್‌ರಬ್‌ನಲ್ಲಿ ಸ್ಪಿರಿಟ್ ಇರುತ್ತದೆ, ಹಸಿ ಗುಳ್ಳೆಗೆ ತಾಗಿದರೆ ಉರಿ ತಡೆಯಲಾಗದು. ಆಪರೇಷನ್ ಮುಂಚೆ ವೈದ್ಯರು ಕೈತೊಳೆಯುವ 4% ಸ್ಕ್ರಬ್‌ನಲ್ಲಿ ನೊರೆಯ ಅಂಶವಿದ್ದು, ತೊಳೆಯದೆ ಬಿಟ್ಟರೆ ಚರ್ಮ ಬಿರಿಯುತ್ತದೆ. ಸ್ಯಾವ್ಲಾನ್‌ನಲ್ಲೂ ಕ್ಲೋರ್‌ಹೆಕ್ಸಿಡಿನ್ ಇದೆಯಲ್ಲ ಎಂದು ಅದನ್ನು ಬಳಸುವವರಿದ್ದಾರೆ. ಅದರಲ್ಲಿ ಸೆಟ್ರಿಮೈಡ್ ಕೂಡ ಇದೆ, ಪಂಜದಿಂದ ನಾಲಿಗೆಗೆ ಹೋದರೆ ಬೆಕ್ಕಿನ ಬಾಯಲ್ಲಿ ಹುಣ್ಣಾಗಬಹುದು.

ಬೆಂಜಾಯ್ಲ್ ಪೆರಾಕ್ಸೈಡ್ ಶಾಂಪೂ ಕೂಪದ ಒಳಗಿನ ಬಿರಡೆಯನ್ನೇ ತೊಳೆದು ಹಾಕುವ ಗುಣದ್ದು, ಆ ವಿಷಯದಲ್ಲಿ ಕ್ಲೋರ್‌ಹೆಕ್ಸಿಡಿನ್‌ಗಿಂತ ಒಂದು ಕೈ ಮೇಲು. ಎಣ್ಣೆ ವಿಪರೀತ ಒಸರುವ, ಪ್ಯಾಡಿಗೆ ಮೂರು ವಾರವಾದರೂ ಜಗ್ಗದ ಗದ್ದಕ್ಕೆ ವೈದ್ಯರು ಇದನ್ನು ಹೇಳುತ್ತಾರೆ. ಪ್ರಾಣಿಗಳಿಗೆಂದೇ ಮಾಡಿದ, 2.5ರಿಂದ 3% ಒಳಗಿನದ್ದೇ ಆಗಬೇಕು. ಮೆಡಿಕಲ್ ಶಾಪಿನಲ್ಲಿ ಸಿಗುವ ಮನುಷ್ಯರ ಜೆಲ್ ತೊಳೆಯದೆ ಬಿಡುವಂಥದ್ದು, ಬೆಕ್ಕಿಗೆ ಸಲ್ಲದು. ವಾರಕ್ಕೊಂದು, ಹೆಚ್ಚೆಂದರೆ ಎರಡು ಸಲ. ಒಂದೆರಡು ಹನಿ ನೀರಲ್ಲಿ ನೊರೆ ಮಾಡಿ ಗದ್ದಕ್ಕೆ ಹಚ್ಚಿ ಐದು ನಿಮಿಷದ ನಂತರ, ನೊರೆಯ ಜಾರಿಕೆ ಪೂರ್ತಿ ಹೋಗುವ ತನಕ ಒದ್ದೆ ಬಟ್ಟೆಯಿಂದ ಒರೆಸಿ ತೆಗೆಯಬೇಕು. ಬೆಕ್ಕಿನ ಚರ್ಮ ನಾಯಿಯದ್ದಕ್ಕಿಂತ ನಾಜೂಕು. ಬಹಳ ಬೆಕ್ಕುಗಳಿಗೆ ಕೆಂಪಾಗಿ ಒಣಗುತ್ತದೆ. ಸೀರೆ, ಟವೆಲ್, ಸೋಫಾದ ಬಣ್ಣವನ್ನೂ ಇದು ತಿನ್ನುತ್ತದೆ, ಹಚ್ಚುವಾಗ ಬಿಳಿ ಬಟ್ಟೆ ಹಾಸಿಕೊಳ್ಳಿ.

ಮುಪಿರೋಸಿನ್ 2% ಮುಲಾಮು ಕೀವುಗುಳ್ಳೆ ಎದ್ದ ಹಂತಕ್ಕೆ. 1990ರ ದಶಕದಲ್ಲಿ 25 ಬೆಕ್ಕುಗಳ ಗದ್ದದ ಮೊಡವೆಗೆ ಇದನ್ನು ಹಚ್ಚಿ ನೋಡಿದ ಅಧ್ಯಯನದಲ್ಲಿ ಬಹುತೇಕ ಎಲ್ಲ ಬೆಕ್ಕುಗಳೂ ಸುಧಾರಿಸಿದ್ದವು. ಹೆಸರುಕಾಳಿನಷ್ಟು ಮುಲಾಮು ಸಾಕು, ತೆಳುವಾಗಿ ಹಚ್ಚಿ ಹತ್ತು ನಿಮಿಷ ಬೆಕ್ಕನ್ನು ಹಿಡಿದುಕೊಂಡಿರಬೇಕು. ಸಾಮಾನ್ಯವಾಗಿ ಸಿಗುವ ಮುಲಾಮಿನ ಬುಡದ್ರವ್ಯ ಪಾಲಿಎಥಿಲಿನ್ ಗ್ಲೈಕಾಲ್. ಮೂತ್ರಪಿಂಡ ಸೋತ ಮುದಿ ಬೆಕ್ಕಿಗಾದರೆ ಆ ವಿಷಯ ವೈದ್ಯರಿಗೆ ಮೊದಲೇ ಹೇಳಿ. ಬರೀ ಕಪ್ಪು ಕಾಳಿದ್ದು ಕೀವಿಲ್ಲದಿದ್ದರೆ ಇದರಿಂದ ಲಾಭವಿಲ್ಲ, ಬ್ಯಾಕ್ಟೀರಿಯಾ ಔಷಧಿಗೆ ಒಗ್ಗಿಕೊಳ್ಳುವ ನಷ್ಟವೇ ಹೆಚ್ಚು.

ಮೆಡಿಕಲ್ ಶಾಪಿನಲ್ಲಿ ಚರ್ಮಕ್ಕೆ ಏನಾದರೂ ಕೊಡಿ ಎಂದರೆ ಸಿಗುವ ನಾಲ್ಕೈದು ಔಷಧಿಗಳ ಮಿಶ್ರಣದ ಟ್ಯೂಬನ್ನು ಮಾತ್ರ ದಯವಿಟ್ಟು ತರಬೇಡಿ. ಇಂಥವುಗಳಲ್ಲಿ ಕ್ಲೋಬೆಟಸಾಲ್ ಎಂಬ ಬಲವಾದ ಸ್ಟಿರಾಯ್ಡ್ ಇರುವುದುಂಟು. ಮೊದಲ ಮೂರು ದಿನ ಕೆಂಪು ಇಳಿದು ಬಹಳ ಚೆನ್ನಾಗಿ ಕಾಣುತ್ತದೆ. ಆಮೇಲೆ ಚರ್ಮ ತೆಳುವಾಗುತ್ತದೆ, ಗಜಕರ್ಣವೇನಾದರೂ ಇದ್ದರೆ ಅದು ಸದ್ದಿಲ್ಲದೆ ಹರಡಿ ಮನೆಯ ಮಕ್ಕಳಿಗೂ ಹತ್ತುತ್ತದೆ, ಪರೀಕ್ಷೆ ಮಾಡುವ ವೈದ್ಯರಿಗೆ ಮೂಲ ರೋಗದ ಚಹರೆಯೇ ಸಿಗುವುದಿಲ್ಲ.

ಡೆಟಾಲ್‌ನ ಕ್ಲೋರೋಕ್ಸಿಲೆನಾಲ್ ಫೀನಾಲ್ ಜಾತಿಯದು, ಸ್ಯಾಲಿಸಿಲಿಕ್ ಆಮ್ಲ ಆಸ್ಪಿರಿನ್ ಕುಟುಂಬದ್ದು. ಇಂಥವನ್ನು ಒಡೆದು ಹೊರಹಾಕುವ ಶಕ್ತಿ ಬೆಕ್ಕಿನ ಯಕೃತ್ತಿಗೆ ತೀರ ಕಡಿಮೆ. ಟೀ ಟ್ರೀ ಎಣ್ಣೆ, ಕರ್ಪೂರ ಹಾಕಿದ ಎಣ್ಣೆ ಕೂಡ ಇದೇ ಸಾಲಿಗೆ. ಹೈಡ್ರೋಜನ್ ಪೆರಾಕ್ಸೈಡ್ ನೊರೆಗುಟ್ಟಿ ಕೆಲಸ ಮಾಡಿದಂತೆ ಕಾಣುತ್ತದೆ, ಮಾಯುತ್ತಿರುವ ಚರ್ಮವನ್ನೂ ಸುಡುತ್ತದೆ. ಕೊಬ್ಬರಿ ಎಣ್ಣೆಯಿಂದ ವಿಷವೇನಿಲ್ಲ. ನಮ್ಮ ಕಡೆ ಯಾವ ಗಾಯಕ್ಕೂ ಮೊದಲು ಕೈ ಹೋಗುವುದು ಅದಕ್ಕೇ, ಅಜ್ಜಿಯರು ಪ್ರೀತಿಯಿಂದಲೇ ಹಚ್ಚುತ್ತಾರೆ. ಆದರೆ ಎಣ್ಣೆಯಿಂದಲೇ ಕಟ್ಟಿದ ಕೂಪಕ್ಕೆ ಇನ್ನಷ್ಟು ಎಣ್ಣೆ ಬಳಿದರೆ ಬಿರಡೆ ಗಟ್ಟಿಯಾಗುತ್ತದೆ, ಆ ಜಿಡ್ಡಿಗೆ ಧೂಳು ಹತ್ತುತ್ತದೆ. ಅರಿಸಿನ ಹಚ್ಚಿದರೆ ಗದ್ದವೆಲ್ಲ ಹಳದಿಯಾಗಿ, ಕೆಂಪು ಹೆಚ್ಚಿತೋ ಇಳಿಯಿತೋ ಕಾಣದಂತಾಗುತ್ತದೆ.

ಮೂರು ವಾರ ಕ್ರಮ ತಪ್ಪದೆ ಮಾಡಿದರೂ ಇಳಿಯದಿದ್ದರೆ, ರಕ್ತ ಇಲ್ಲವೇ ಕೀವು ಬಂದರೆ, ದವಡೆಯ ಕೆಳಗೆ ಗಂಟು ಕೈಗೆ ಸಿಕ್ಕರೆ, ಬೆಕ್ಕು ಊಟ ಬಿಟ್ಟರೆ ಅಂಗಡಿಯ ಸಾಮಾನಿನ ಕೆಲಸ ಮುಗಿಯಿತು. ಕಪ್ಪು ಕಾಳು ಇಲ್ಲದೆ ಗದ್ದ ಬರೀ ಊದಿಕೊಂಡಿದ್ದರೆ ಅದು ಅಲರ್ಜಿಯ ಗಂಟಿರಬಹುದು. ಒಂದೇ ಬದಿ ಊದಿದ್ದರೆ ಹಲ್ಲಿನ ಬೇರಿನ ಬಾವು, ವಯಸ್ಸಾದ ಬೆಕ್ಕಿನಲ್ಲಿ ದವಡೆಯ ಗಡ್ಡೆಯೂ ಇರಬಹುದು. ವೈದ್ಯರು ಚರ್ಮ ಕೆರೆದು ಡೆಮೋಡೆಕ್ಸ್ ಹುಳ ನೋಡುತ್ತಾರೆ, ಗಾಜಿನ ಪಟ್ಟಿಗೆ ಗದ್ದ ಒತ್ತಿ ಬ್ಯಾಕ್ಟೀರಿಯಾ ನೋಡುತ್ತಾರೆ, ಗಜಕರ್ಣದ ಸಂಶಯವಿದ್ದರೆ ಶಿಲೀಂಧ್ರ ಬೆಳೆಸುವ ಪರೀಕ್ಷೆಗೆ ಕಳಿಸುತ್ತಾರೆ. ಅದರ ಫಲಿತಾಂಶಕ್ಕೆ ಎರಡು ಮೂರು ವಾರ ಹಿಡಿಯಬಹುದು. ಮೊದಲ ದಿನ ತೆಗೆದ ಗದ್ದದ ಫೋಟೋ, ಈ ತನಕ ಹಚ್ಚಿದ ಎಲ್ಲದರ ಡಬ್ಬಿ, ಟ್ಯೂಬು ಜೊತೆಯಲ್ಲಿರಲಿ. ಹೋಗುವ ದಿನ ಬೆಳಿಗ್ಗೆ ಗದ್ದ ಒರೆಸಬೇಡಿ, ಪರೀಕ್ಷೆಗೆ ಬೇಕಾದದ್ದೇ ಒರೆಸಿಹೋಗುತ್ತದೆ. ಮುಚ್ಚಳವಿರುವ ಬುಟ್ಟಿಯಲ್ಲಿ ಅದು ಮಲಗುವ ಬಟ್ಟೆ ಹಾಸಿ ಕರೆದೊಯ್ದರೆ ಪೇಟೆಯ ಬಸ್ಸಿನ ಹಾರ್ನಿಗೆ ಗಾಬರಿಯಾಗುವುದು ಕಡಿಮೆ.

ವೈದ್ಯರು ಡಾಕ್ಸಿಸೈಕ್ಲಿನ್ ಎಂಬ ಆಂಟಿಬಯಾಟಿಕ್ ಮಾತ್ರೆ ಬರೆದುಕೊಟ್ಟರೆ ಒಣ ಮಾತ್ರೆ ನುಂಗಿಸಿ ಬಿಡಬೇಡಿ. ಬೆಕ್ಕಿನ ಅನ್ನನಾಳದಲ್ಲಿ ಅದು ಅಂಟಿಕೊಂಡು ಸುಡುತ್ತದೆ, ಗಾಯ ಮಾದ ಮೇಲೆ ನಾಳವೇ ಕಿರಿದಾಗಿ ಊಟ ಇಳಿಯದಂತಾಗುತ್ತದೆ. ಮಾತ್ರೆಯ ಹಿಂದೆಯೇ ಸೂಜಿಯಿಲ್ಲದ ಸಿರಿಂಜಿನಲ್ಲಿ 6 ಮಿ.ಲೀ. ನೀರನ್ನು ಬಾಯಿಯ ಪಕ್ಕದಿಂದ ನಿಧಾನ ಬಿಡಿ, ಆಮೇಲೆ ಎರಡು ತುತ್ತು ಊಟ ಕೊಡಿ, ಆ ಹೊಸ ತಾಟಿನಲ್ಲೇ.